ಬ್ರಾಹ್ಮಿ: ಒಂದು ಹೆಸರು, ಎರಡು ಗಿಡ

ಬ್ರಾಹ್ಮಿಯೆಂಬುದು ನಮ್ಮಲ್ಲಿ ಮನೆಮಾತು. ತಲೆಗೆ ತಂಪೆಂದು ಅದರ ಎಣ್ಣೆ, ಬುದ್ಧಿಗೆ ಚುರುಕೆಂದು ಅದರ ರಸ, ಮೈಕಾಂತಿಗೆಂದು ಅದರ ಲೇಪ. ಹೀಗೆ ಆರೋಗ್ಯಕ್ಕೂ ಅಂದಕ್ಕೂ ಈ ಹೆಸರನ್ನು ನಂಬಿದವರು ಅನೇಕರು. ಆದರೆ ಆ ಹೆಸರಿನ ಗಿಡ ಯಾವುದು? ಕಾಸರಗೋಡಿನಂತಹ ಗಡಿನಾಡಿನಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಕನ್ನಡಿಗರಲ್ಲಿ ಬಹುಮಂದಿ ಬ್ರಾಹ್ಮಿಯೆನ್ನುವುದು ಒಂದೆಲಗವನ್ನು. ತುಳುವಿನಲ್ಲಿ ಇದೇ ತಿಮರೆ. ನಮ್ಮ ತಂಬುಳಿ, ಚಟ್ನಿಗಳ ಸೊಪ್ಪು. ಮಲಯಾಳದಲ್ಲಿ ಇದು ಮುತ್ತಿಳ್. ಮಲಯಾಳಿಗಳು ಬ್ರಹ್ಮಿಯೆಂದು ತೋರಿಸುವುದು ನಮ್ಮ ನೀರುಬ್ರಾಹ್ಮಿಯನ್ನು. ಭಾರತ ಸರಕಾರದ ಆಯುರ್ವೇದ ಔಷಧಕೋಶವೂ ನೀರುಬ್ರಾಹ್ಮಿಯನ್ನು ಬ್ರಾಹ್ಮಿಯೆಂದೂ ಒಂದೆಲಗವನ್ನು ಮಂಡೂಕಪರ್ಣಿಯೆಂದೂ ಬೇರ್ಪಡಿಸಿದೆ. ಆದುದರಿಂದ ಕನ್ನಡದಲ್ಲಿ ಕೇಳಿದ ವಸ್ತು ಮಲಯಾಳದ ಅಂಗಡಿಯಲ್ಲಿ ಬೇರೆಯಾಗಿ ದೊರೆಯುವ ಸಂಭವವುಂಟು.

ಗುರುತಿಸುವುದು ಕಷ್ಟವಲ್ಲ. ಒಂದೆಲಗದ ಎಲೆ ದುಂಡಗೆ, ತೊಟ್ಟಿನ ಬಳಿ ಸೀಳಿದಂತೆ, ಅಂಚು ಹಲ್ಲುಹಲ್ಲಾಗಿ, ನೀಳವಾದ ತೊಟ್ಟಿನ ಮೇಲೆ ನಿಂತಿರುತ್ತದೆ. ಇದು ಕೊತ್ತಂಬರಿಯ ಕುಟುಂಬದ ಗಿಡ. ಶಾಸ್ತ್ರೀಯ ನಾಮ ಸೆಂಟೆಲ್ಲ ಏಷಿಯಾಟಿಕ. ನೀರುಬ್ರಾಹ್ಮಿಯ ಎಲೆಗಳು ಚಿಕ್ಕವು, ದಪ್ಪ, ತೊಟ್ಟಿಲ್ಲದವು. ಕಾಂಡದ ಮೇಲೆ ಎದುರುಬದುರಾಗಿ ಹುಟ್ಟುತ್ತವೆ. ಹೂವು ಬಿಳಿ ಅಥವಾ ತಿಳಿನೀಲಿ. ರುಚಿ ಬಲು ಕಹಿ. ಇದರ ನಾಮ ಬಕೋಪ ಮೊನಿಯೇರಿ.

ಸಾರದಲ್ಲಿಯೂ ಭೇದವಿದೆ. ಒಂದೆಲಗದಲ್ಲಿ ಏಷಿಯಾಟಿಕೊಸೈಡ್ ಮೊದಲಾದ ದ್ರವ್ಯಗಳಿವೆ. ಗಾಯ ಮಾಯಿಸುವ ಮುಲಾಮುಗಳಿಗೂ ಈಗಿನ ಚರ್ಮಲೇಪಗಳಿಗೂ ಇದರ ಸಾರ ಸೇರುವುದು ಈ ಕಾರಣದಿಂದ. ನೀರುಬ್ರಾಹ್ಮಿಯಲ್ಲಿರುವುದು ಬಕೊಸೈಡುಗಳು. ಸುಮಾರು 12 ವಾರ ಸೇವಿಸಿದವರಲ್ಲಿ ಸ್ಮರಣೆ ತುಸು ಉತ್ತಮಗೊಂಡುದನ್ನು ಕೆಲವು ಪ್ರಯೋಗಗಳು ತೋರಿಸಿವೆ. ಪರೀಕ್ಷೆಯ ಹಿಂದಿನ ರಾತ್ರಿ ಮಗುವಿಗೆ ಕುಡಿಸಿ ಫಲ ಬಯಸುವುದು ವ್ಯರ್ಥ. ಹೊಟ್ಟೆ ತೊಳಸಿದರೆ ಇದ್ದ ಓದಿಗೂ ಕೇಡು.

ಎಣ್ಣೆ ಕಾಯಿಸುವುದಕ್ಕೆ ಶಾಸ್ತ್ರವು ವಿಧಿಸಿದ ಅಳತೆಯಿದೆ: ಅರೆದ ಕಲ್ಕ 1 ಪಾಲು, ಎಣ್ಣೆ 4, ರಸ ಅಥವಾ ಕಷಾಯ 16. ಸಣ್ಣ ಉರಿಯಲ್ಲಿ ಕಾಯಿಸುತ್ತ, ಕಲ್ಕವನ್ನು ಬೆರಳುಗಳ ನಡುವೆ ಹೊಸೆದು ನೋಡಬೇಕು. ಅದು ಬತ್ತಿಯಂತಾಗಿ, ಬೆಂಕಿಗೆ ಹಾಕಿದಾಗ ಚಟಚಟಿಸದಿದ್ದರೆ ನೀರು ಆರಿತೆಂದರ್ಥ. ನೀರಿನಂಶ ಉಳಿದರೆ ಎಣ್ಣೆ ಬೇಗ ಕೆಡುವುದು.

ಎರಡು ಎಚ್ಚರಿಕೆಗಳು ಅವಶ್ಯ. ಇವೆರಡೂ ಜವುಗುನೆಲದ ಗಿಡಗಳು. ಚರಂಡಿಯ ಬದಿಯಲ್ಲಿ ಬೆಳೆದವು ಕೊಳಕನ್ನೂ ವಿಷಲೋಹಗಳನ್ನೂ ಹೀರಿಕೊಂಡಿರಬಹುದು. ಎರಡನೆಯದಾಗಿ, ಒಂದೆಲಗದ ಸಾರದ ಗುಳಿಗೆಗಳನ್ನು ವಾರಗಟ್ಟಲೆ ನುಂಗಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ. ತಂಬುಳಿಯ ಹಿಡಿ ಸೊಪ್ಪು ಬೇರೆ, ಗಟ್ಟಿಮಾಡಿದ ಸಾರ ಬೇರೆ. ಗರ್ಭಿಣಿಯರೂ ನಿತ್ಯ ಔಷಧಿ ಸೇವಿಸುವವರೂ ವೈದ್ಯರನ್ನು ಕೇಳದೆ ಇಂಥ ಸಾರಗಳನ್ನು ಸೇವಿಸಬಾರದು.

ಹೆಸರಿನ ಈ ತೊಡಕು ಹೊಸದಲ್ಲ. 1678ರಿಂದ 1693ರ ವರೆಗೆ ಆಂಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥದಲ್ಲಿ ಮಲಬಾರಿನ ಗಿಡಗಳ ಚಿತ್ರಗಳಿವೆ. ಅವುಗಳೊಡನೆ ಲ್ಯಾಟಿನ್, ಮಲಯಾಳ, ಅರಬಿ, ನಾಗರಿ ಲಿಪಿಗಳಲ್ಲಿ ಹೆಸರುಗಳಿವೆ. ಬಹುಭಾಷೆಯ ನಾಡಿನಲ್ಲಿ ಗಿಡಕ್ಕೆ ಒಂದೇ ಹೆಸರು ಸಾಲದೆಂಬುದನ್ನು ಅದನ್ನು ರಚಿಸಿದವರು ಅರಿತಿದ್ದರು.

ನಮ್ಮ ಶಾಲೆಗಳಲ್ಲಿ ಇದೇ ಕ್ರಮವನ್ನು ಅನುಸರಿಸಬಹುದು. ಮಕ್ಕಳು ತಂದ ಗಿಡವನ್ನು ಒಣಗಿಸಿ ಕಾಗದಕ್ಕೆ ಅಂಟಿಸಿ, ಕೆಳಗೆ ಕನ್ನಡ, ತುಳು, ಮಲಯಾಳ, ಲ್ಯಾಟಿನ್ ಹೆಸರುಗಳನ್ನು ಬರೆಯಿಸಬೇಕು. ಅಜ್ಜಿಯಂದಿರ ಬಾಯಲ್ಲಿರುವ ಹೆಸರುಗಳು ಹಾಗೆ ಉಳಿಯುತ್ತವೆ. ಮದ್ದಿನ ಹೆಸರಿನಲ್ಲಿ ಬೇರೊಂದು ಗಿಡ ಹೊಟ್ಟೆ ಸೇರುವುದೂ ತಪ್ಪುತ್ತದೆ.