ಕಾಣದ ವೈಕಲ್ಯ: ಕಚೇರಿಯಲ್ಲಿ ಅನುಕೂಲ ಕೇಳುವುದು ಹೇಗೆ?

ಹಿಮೋಫಿಲಿಯಾ, ಮಲ್ಟಿಪಲ್ ಸ್ಕ್ಲೀರೋಸಿಸ್, ತೀವ್ರ ಮಾನಸಿಕ ಕಾಯಿಲೆ ಮುಂತಾದವು ಹೊರನೋಟಕ್ಕೆ ಕಾಣುವುದಿಲ್ಲ. ಹೀಗಾಗಿ ಅನುಕೂಲ ಕೋರುವ ನೌಕರರು ನೆಪ ಹೇಳುತ್ತಿದ್ದಾರೆಂಬ ಶಂಕೆಗೆ ಗುರಿಯಾಗುತ್ತಾರೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಇವೂ ಸೇರಿವೆ.

ಉದಾಹರಣೆಗೆ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಸರ್ಕಾರಿ ನೌಕರರೊಬ್ಬರಿಗೆ ಇಂಥ ತೊಂದರೆಯಿದ್ದರೆ, ವೈದ್ಯಕೀಯ ದಾಖಲೆಯೊಂದಿಗೆ ತಮಗೆ ಬೇಕಾದ ಬಿಡುವು ಅಥವಾ ವೇಳೆಯ ಬದಲಾವಣೆಯನ್ನು ಸ್ಪಷ್ಟವಾಗಿ ಬರೆದು ಕೊಟ್ಟು, ಸ್ವೀಕೃತಿ ಪಡೆಯಬೇಕು. ಸೂಕ್ತ ಅನುಕೂಲ ಒದಗಿಸುವುದು 20ನೇ ಕಲಮಿನ ಪ್ರಕಾರ ಇಲಾಖೆಯ ಹೊಣೆ. ಶೇ. 40ರಷ್ಟು ವೈಕಲ್ಯವಿರಬೇಕೆಂಬ ಮಿತಿ ಮೀಸಲಾತಿಗೆ ಸಂಬಂಧಿಸಿದ್ದು. ಸೂಕ್ತ ಅನುಕೂಲಕ್ಕೆ ಅದು ಷರತ್ತಲ್ಲವೆಂದು ಸುಪ್ರೀಂ ಕೋರ್ಟ್ 2021ರಲ್ಲಿ, ಬರೆಯುವಾಗ ಕೈ ಸೆಟೆಯುವ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇಲಾಖೆ ನಿರಾಕರಿಸಿದರೆ ಅಲ್ಲಿನ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ನೀಡಬಹುದು. ದೂರು ನೋಂದಣಿಯಾದ ಎರಡು ವಾರಗಳೊಳಗೆ ವಿಚಾರಣೆ ನಡೆಯಬೇಕು. ತೃಪ್ತಿಯಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಯ ಮೊರೆಹೋಗಬಹುದು.