ಕೆರೆಯ ನೀರಿನ ಪರೀಕ್ಷೆ ಮತ್ತು ಅದರ ಪ್ರಯೋಜನ

ಕೆರೆಯೆಂಬುದು ಮಳೆಯ ನೀರನ್ನು ತಡೆದು ನಿಲ್ಲಿಸಿದ ಒಂದು ದೊಡ್ಡ ಪಾತ್ರೆಯೆಂದೇ ಸಾಮಾನ್ಯವಾಗಿ ಜನರು ಭಾವಿಸುವರು. ಒಡ್ಡು ಗಟ್ಟಿಯಾಗಿದ್ದು, ಕೋಡಿ ಸರಿಯಾಗಿದ್ದು, ತೂಬು ಸೋರದಿದ್ದರೆ ಕೆರೆಯು ಸುಸ್ಥಿತಿಯಲ್ಲಿರುವುದೆಂದು ಅವರ ಎಣಿಕೆ. ಆದರೆ ಈ ಮೂರೂ ಭದ್ರವಾಗಿದ್ದಾಗ್ಯೂ ಕೆರೆಯು ಒಳಗಿಂದೊಳಗೆ ಕೆಟ್ಟು, ಮೀನುಗಳು ಸತ್ತು ತೇಲಿ, ನೀರು ದನಕರುಗಳಿಗೂ ಬಾರದಂತಾಗುವುದುಂಟು. ಹೊಲದ ಮಣ್ಣಿನಲ್ಲಿ ಹೇಗೆ ಜೀವವಿರುವುದೋ ಹಾಗೆಯೇ ಕೆರೆಯ ನೀರಿನಲ್ಲಿಯೂ ಜೀವವಿರುವುದು. ಆ ಜೀವದ ಆರೋಗ್ಯವನ್ನು ಅರಿಯುವ ಬಗೆ ಯಾವುದು, ಅದು ಕೆಡುವುದಕ್ಕೆ ಕಾರಣವೇನು, ಪರಿಹಾರವನ್ನು ಎಲ್ಲಿಂದ ಆರಂಭಿಸತಕ್ಕದ್ದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹುಬ್ಬಳ್ಳಿ-ಧಾರವಾಡದ ಕೆರೆಗಳು :— ಧಾರವಾಡ ಮತ್ತು ಹುಬ್ಬಳ್ಳಿಗಳ ಸುತ್ತಲಿನ ನೆಲವು ನೀರು ಎರಡು ದಿಕ್ಕಿಗೆ ಒಡೆದು ಹರಿಯುವ ಎತ್ತರದ ನೆಲವಾಗಿರುವುದು. ಪಶ್ಚಿಮಕ್ಕೆ ಇಳಿದ ನೀರು ಬೇಡ್ತಿಯ ಮೂಲಕ ಅರಬ್ಬೀ ಸಮುದ್ರವನ್ನು ಸೇರುವುದು. ಪೂರ್ವಕ್ಕೆ ಇಳಿದ ನೀರು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಗಳ ಮೂಲಕ ಬಂಗಾಲ ಉಪಸಾಗರವನ್ನು ಸೇರುವುದು. ದೊಡ್ಡ ಹೊಳೆಯು ಸಮೀಪದಲ್ಲಿಲ್ಲವಾದ ಕಾರಣ ಇಲ್ಲಿಯ ಜನರು ಹಿಂದಿನಿಂದಲೂ ಕೆರೆಗಳನ್ನೇ ನೆಚ್ಚಿಕೊಂಡು ಬಾಳಿದರು. ಧಾರವಾಡದ ಕೆಲಗೇರಿ ಮತ್ತು ಸಾಧನಕೇರಿಯ ಕೆರೆಗಳು, ಹುಬ್ಬಳ್ಳಿಯ ತೋಳನಕೆರೆ ಮತ್ತು ಉಣಕಲ್ಲ ಕೆರೆಗಳು ಇವುಗಳಲ್ಲಿ ಪ್ರಸಿದ್ಧವಾದವುಗಳು.

ಉಣಕಲ್ಲ ಕೆರೆಯ ವಿಸ್ತಾರವು ಸುಮಾರು 200 ಎಕರೆ. ಒಂದು ಕಾಲದಲ್ಲಿ ಹುಬ್ಬಳ್ಳಿಯ ಜನರು ಇದರ ನೀರನ್ನೇ ಕುಡಿಯುತ್ತಿದ್ದರು. 1955ರಲ್ಲಿ ಬೇಡ್ತಿ ಹಳ್ಳಕ್ಕೆ ಕಟ್ಟಿದ ನೀರಸಾಗರದಿಂದಲೂ, ತರುವಾಯ ಸವದತ್ತಿ ತಾಲೂಕಿನ ನವಿಲುತೀರ್ಥದ ಮಲಪ್ರಭಾ ಜಲಾಶಯದಿಂದಲೂ ನೀರು ಬರತೊಡಗಿದ ಮೇಲೆ ಊರಿನವರಿಗೆ ಹತ್ತಿರದ ಕೆರೆಯ ಮೇಲಿನ ಲಕ್ಷ್ಯವು ಕಡಿಮೆಯಾಯಿತು. ಕುಡಿಯುವ ನೀರಿನ ಕೆರೆಯನ್ನು ಊರೆಲ್ಲ ಕಾಯುವುದು. ಕುಡಿಯದ ಕೆರೆಯನ್ನು ಕಾಯುವವರು ವಿರಳ. ಸುತ್ತಲಿನ ಬಡಾವಣೆಗಳು ಬೆಳೆದಂತೆ ಕೊಳಚೆ ನೀರು ಕೆರೆಯನ್ನು ಸೇರಿತು. ಅಂತರಗಂಗೆಯೆಂದು ಜನರು ಕರೆಯುವ, ನೇರಳೆ ಬಣ್ಣದ ಹೂ ಬಿಡುವ ತೇಲುಗಿಡವು ಹಲವು ವರ್ಷಗಳಲ್ಲಿ ನೀರಿನ ಮೈಯನ್ನು ಆವರಿಸಿತು.

ಹಡಗಿನ ಮೇಲಿನ ಪರೀಕ್ಷೆ :— ಕೆರೆಯ ಒಳಗಿನ ಸ್ಥಿತಿಯನ್ನು ದಂಡೆಯಲ್ಲಿ ನಿಂತು ನೋಡಿ ನಿರ್ಧರಿಸಲಾಗದು. ನೀರಿನ ನಡುವಿಗೆ ಹೋಗಿ ಮೇಲಿನಿಂದ ತಳದವರೆಗೆ ಪರೀಕ್ಷಿಸಬೇಕು. ಇದಕ್ಕೆ ಉತ್ತರ ಅಮೇರಿಕೆಯ ಐದು ಮಹಾಸರೋವರಗಳಲ್ಲಿ ನಡೆಯುವ ಕೆಲಸವು ಒಳ್ಳೆಯ ನಿದರ್ಶನವಾಗಿದೆ. ಅವುಗಳಲ್ಲಿ ಸುಪೀರಿಯರ್ ಎಂಬುದೊಂದೇ 82,000 ಚದರ ಕಿಲೋಮೀಟರುಗಳಿಗೂ ಮಿಕ್ಕಿದ ಹರವು ಮತ್ತು 406 ಮೀಟರುಗಳ ಗರಿಷ್ಠ ಆಳವುಳ್ಳದ್ದು. ಇಂಥ ಸಿಹಿನೀರಿನ ಕಡಲುಗಳನ್ನು ಪರೀಕ್ಷಿಸಲು ಅಲ್ಲಿಯ ಸರಕಾರವು 'ಲೇಕ್ ಗಾರ್ಡಿಯನ್' ಎಂಬ 180 ಅಡಿ ಉದ್ದದ ಹಡಗನ್ನು ಇರಿಸಿಕೊಂಡಿದೆ. ವರ್ಷಕ್ಕೆ ಎರಡಾವರ್ತಿ, ವಸಂತದಲ್ಲಿ ಒಮ್ಮೆ ಮತ್ತು ಬೇಸಗೆಯಲ್ಲಿ ಒಮ್ಮೆ, ಈ ಹಡಗಿನಲ್ಲಿ ಶಾಸ್ತ್ರಜ್ಞರು ಗೊತ್ತಾದ ಸ್ಥಳಗಳಿಗೆ ಹೋಗಿ ಬೇರೆಬೇರೆ ಆಳಗಳ ನೀರನ್ನೂ, ಕಣ್ಣಿಗೆ ಕಾಣದ ಜೀವಿಗಳನ್ನೂ, ತಳದ ಕೆಸರನ್ನೂ ಮೇಲೆತ್ತಿ ಪರೀಕ್ಷಿಸುವರು.

ಇಷ್ಟು ಶ್ರಮದಿಂದ ಆದ ಲಾಭವೇನೆಂಬುದನ್ನು ಈರಿ ಎಂಬ ಸರೋವರದ ಕಥೆಯಿಂದ ತಿಳಿಯಬಹುದು. 1960ರ ದಶಕದಲ್ಲಿ ಈರಿಯ ನೀರು ಹಸಿರುಗಟ್ಟಿ, ತಳದ ನೀರಿನಲ್ಲಿ ಆಮ್ಲಜನಕವು ತೀರಿ, ಸರೋವರವು ಸತ್ತಿತೆಂದೇ ಜನರು ಆಡಿಕೊಂಡರು. ಪರೀಕ್ಷೆಗಳಿಂದ ಇದಕ್ಕೆ ಮುಖ್ಯ ಕಾರಣವು ಊರುಗಳ ಕೊಳಚೆಯಿಂದಲೂ ಬಟ್ಟೆ ಒಗೆಯುವ ಪುಡಿಗಳಿಂದಲೂ ಬರುವ ರಂಜಕವೆಂದು ಗೊತ್ತಾಯಿತು. 1972ರಲ್ಲಿ ಅಮೇರಿಕೆಯೂ ಕೆನಡಾ ದೇಶವೂ ಒಪ್ಪಂದ ಮಾಡಿಕೊಂಡು ರಂಜಕವನ್ನು ತಡೆಯಲು, ಕೆಲವು ವರ್ಷಗಳಲ್ಲಿ ಸರೋವರವು ಚೇತರಿಸಿಕೊಂಡಿತು. ಆದರೆ ಮುಂದೆ ಹೊಲಗಳಿಂದ ಕೊಚ್ಚಿಬಂದ ಗೊಬ್ಬರದ ರಂಜಕದಿಂದ ಹಸಿರು ಪಾಚಿಯು ಮತ್ತೆ ತಲೆಯೆತ್ತಿತು. 2014ರ ಆಗಸ್ಟ್ ತಿಂಗಳಲ್ಲಿ ಟೊಲೆಡೊ ಎಂಬ ಪಟ್ಟಣದ ಸುತ್ತಲಿನ 4 ಲಕ್ಷಕ್ಕೂ ಹೆಚ್ಚು ಜನರಿಗೆ ಎರಡು ಮೂರು ದಿನ ನಳದ ನೀರನ್ನು ಕುಡಿಯಕೂಡದೆಂದು ಸಾರಬೇಕಾಯಿತು. ಇದರಿಂದ ತಿಳಿದುಬರುವುದೇನೆಂದರೆ, ಕೆರೆಯ ರೋಗವು ಕೆರೆಯಲ್ಲಿ ಕಾಣಿಸಿಕೊಂಡರೂ ಅದರ ಬೇರು ಕೆರೆಯ ಹೊರಗೆ ಇರುವುದು.

ಉಣಕಲ್ಲಿನಂಥ ಕೆರೆಗೆ ಹಡಗು ಬೇಕಾಗದು. ಈಜು ಬಲ್ಲ ಇಬ್ಬರು ಕುಳಿತುಕೊಳ್ಳುವ ಹರಿಗೋಲಾಗಲಿ ಚಿಕ್ಕ ದೋಣಿಯಾಗಲಿ ಸಾಕು. ಹಡಗಿನ ಮೇಲೆ ಮಾಡುವ ಪರೀಕ್ಷೆಗಳ ಮೂಲತತ್ವಗಳನ್ನು ಅಲ್ಲಿಯೂ ಅನುಸರಿಸಬಹುದು.

ಬೆಳಕಿನ ಅಳತೆ :— 1865ರಲ್ಲಿ ಇಟಲಿಯ ಪಾದ್ರಿಯೂ ಖಗೋಲಶಾಸ್ತ್ರಜ್ಞನೂ ಆದ ಆಂಜೆಲೊ ಸೆಕ್ಕಿ ಎಂಬವನು ಹಡಗಿನಿಂದ ಬಿಳಿಯ ತಟ್ಟೆಗಳನ್ನು ಸಮುದ್ರಕ್ಕೆ ಇಳಿಬಿಟ್ಟು ನೀರಿನ ತಿಳಿತನವನ್ನು ಅಳೆದನು. ಇಂದಿಗೂ ಆ ಪದ್ಧತಿಯೇ ನಡೆಯುವುದು. 8 ಅಂಗುಲ ಅಡ್ಡಳತೆಯ ತಗಡಿನ ತಟ್ಟೆಯನ್ನು ನಾಲ್ಕು ಪಾಲು ಮಾಡಿ ಕಪ್ಪು ಬಿಳುಪು ಬಣ್ಣಗಳನ್ನು ಒಂದು ಬಿಟ್ಟು ಒಂದಕ್ಕೆ ಬಳಿಯಬೇಕು. ಅದಕ್ಕೆ ಅಳತೆಯ ಗಂಟುಗಳನ್ನು ಹಾಕಿದ ಹಗ್ಗವನ್ನೂ ಅಡಿಯಲ್ಲಿ ಭಾರವನ್ನೂ ಕಟ್ಟಿ, ಮಧ್ಯಾಹ್ನದ ಸಮಯದಲ್ಲಿ ದೋಣಿಯ ನೆರಳಿನ ಮಗ್ಗುಲಲ್ಲಿ ಇಳಿಬಿಡಬೇಕು. ತಟ್ಟೆಯು ಮರೆಯಾಗುವ ಆಳ, ಮೇಲೆತ್ತುವಾಗ ಮತ್ತೆ ಕಾಣುವ ಆಳ, ಇವೆರಡರ ಸರಾಸರಿಯನ್ನು ಬರೆದಿಡಬೇಕು. ನೀರಿನೊಳಗಿನ ಸಸ್ಯಗಳು ಬೆಳೆಯಲು ಸಾಲುವಷ್ಟು ಬೆಳಕು ಸುಮಾರಾಗಿ ಈ ಆಳದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಿನವರೆಗೆ ಮುಟ್ಟುವುದು.

ಆದರೆ ಈ ಅಳತೆಯನ್ನು ಬಣ್ಣದೊಡನೆ ಕೂಡಿಸಿ ಓದಬೇಕು. ಮಳೆಗಾಲದಲ್ಲಿ ಎರೆಯ ಮಣ್ಣಿನ ನುಣ್ಣನೆಯ ಕಣಗಳು ನೀರಿನಲ್ಲಿ ಬಹಳ ದಿನ ತೇಲಿ, ತಟ್ಟೆಯು ಬೇಗನೆ ಮರೆಯಾಗುವುದು. ಆಗ ನೀರು ಕಂದು ಅಥವಾ ಬೂದು ಬಣ್ಣದ್ದಾಗಿರುವುದು. ಇದು ಮೇಲಿನ ಹೊಲಗಳ ಮಣ್ಣು ಕೊಚ್ಚಿಹೋಗುತ್ತಿರುವುದರ ಗುರುತು. ಮಳೆ ನಿಂತ ಮೇಲೆಯೂ ತಟ್ಟೆಯು ಒಂದು ಗೇಣಿನೊಳಗೇ ಮರೆಯಾಗಿ ನೀರು ದಟ್ಟ ಹಸಿರಾಗಿದ್ದರೆ ಅದು ಪಾಚಿಯ ಅತಿಬೆಳವಣಿಗೆಯ ಗುರುತು.

ನೀರಿನ ಉಸಿರು :— ಮೀನುಗಳೂ ತಳದ ಹುಳುಗಳೂ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಉಸಿರಾಡುವುವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕವು ಕಡಿಮೆಯಾಗುವುದು. ಸಮುದ್ರಮಟ್ಟದಲ್ಲಿ 20 ಅಂಶ ಉಷ್ಣತೆಯ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, 30 ಅಂಶದ ನೀರು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುವುದು. ಗೆಂಡೆಮೀನುಗಳ ಸಾಕಣೆಗೆ 5 ಮಿಲಿಗ್ರಾಮಿಗಿಂತ ಹೆಚ್ಚಿರುವುದು ಒಳ್ಳೆಯದು. ಆದುದರಿಂದ ನಮ್ಮ ಬೇಸಗೆಯ ಕೆರೆಗಳಲ್ಲಿ ಉಳಿತಾಯವು ಮೊದಲೇ ಅಲ್ಪವೆಂದು ತಿಳಿಯಬೇಕು.

ಹಗಲಿನಲ್ಲಿ ಪಾಚಿಯು ಬೆಳಕಿನ ಬಲದಿಂದ ಆಮ್ಲಜನಕವನ್ನು ಬಿಡುವುದು; ರಾತ್ರಿಯಲ್ಲಿ ಅದೂ ಮೀನುಗಳಂತೆ ಆಮ್ಲಜನಕವನ್ನು ವೆಚ್ಚ ಮಾಡುವುದು. ಪಾಚಿಯು ಅತಿಯಾದ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕವು ತುಂಬಿ ತುಳುಕಿ, ಬೆಳಗಿನ ಜಾವಕ್ಕೆ ಬರಿದಾಗುವುದು. ಮೀನುಗಳು ಸೂರ್ಯೋದಯಕ್ಕೆ ಮುಂಚೆ ಮೇಲಕ್ಕೆ ಬಂದು ಬಾಯಿ ತೆರೆದು ಏದುವುದು ಇದರಿಂದಲೇ. ಹೊತ್ತೇರಿದ ಮೇಲೆ ಬಂದು ನೋಡಿದವರಿಗೆ ಇದು ಗೊತ್ತಾಗಲಾರದು. ಮೀನು ಬಿಟ್ಟವರು ವಾರಕ್ಕೊಮ್ಮೆಯಾದರೂ ನಸುಕಿನಲ್ಲಿ ಕೆರೆಯನ್ನು ನೋಡತಕ್ಕದ್ದು.

ಆಮ್ಲಜನಕವನ್ನು ಅಳೆಯಲು 1888ರಲ್ಲಿ ಹಂಗೇರಿಯ ವಿಂಕ್ಲರ್ ಎಂಬವನು ಕಂಡುಹಿಡಿದ ರಸಾಯನ ಪದ್ಧತಿಯು ಇಂದಿಗೂ ಬಳಕೆಯಲ್ಲಿದೆ. ಬುಚ್ಚು ಹಾಕಿದ ಭಾರದ ಸೀಸೆಯನ್ನು ಬೇಕಾದ ಆಳಕ್ಕೆ ಇಳಿಸಿ, ದಾರದಿಂದ ಬುಚ್ಚನ್ನು ಸೆಳೆದು ನೀರು ತುಂಬಿಕೊಂಡು, ಅದಕ್ಕೆ ಗೊತ್ತಾದ ಎರಡು ದ್ರಾವಣಗಳನ್ನು ಹಾಕಲು, ಆಮ್ಲಜನಕವಿದ್ದರೆ ಕಂದು ಬಣ್ಣದ ಗಷ್ಟವೂ ಇಲ್ಲವಾದರೆ ಬಿಳಿಯ ಗಷ್ಟವೂ ಇಳಿಯುವುದು. ಇದನ್ನು ಶಾಲೆಯ ವಿಜ್ಞಾನದ ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಮಾಡುವುದು ಲೇಸು.

ಕಾಣದ ಬೆಳೆ :— ನುಣ್ಣನೆಯ ರೇಶಿಮೆ ಬಟ್ಟೆಯ ಚೀಲವನ್ನು ನೀರಿನಲ್ಲಿ ಎಳೆದು, ಅದರಲ್ಲಿ ಸಿಕ್ಕದ್ದನ್ನು ಸೂಕ್ಷ್ಮದರ್ಶಕದಿಂದ ನೋಡಿದರೆ ಕೆರೆಯ ನಿಜವಾದ ಬೆಳೆಯು ಕಾಣುವುದು. ಸೂಕ್ಷ್ಮ ಪಾಚಿಯು ಅದರ ಹುಲ್ಲು. ನೀರುಚಿಗಟ ಮುಂತಾದ ಹುಳುಗಳು ಆ ಹುಲ್ಲನ್ನು ಮೇಯುವ ದನಗಳು. ಕಾಟ್ಲಾ ಮೀನು ಮೇಲಿನ ನೀರಿನಲ್ಲಿ ಇಂಥ ಹುಳುಗಳನ್ನು ತಿಂದು, ರೋಹು ನಡುನೀರಿನಲ್ಲಿಯೂ ಮೃಗಾಲ್ ತಳದ ಕಸರಿನಲ್ಲಿಯೂ ಮೇದು ಬೆಳೆಯುವುವು. ತಳದ ಕೆಸರು ಕಪ್ಪಾಗಿ ಕೊಳೆತ ತತ್ತಿಯ ನಾತ ಹೊಡೆದು, ಅದರಲ್ಲಿ ಕೆಂಪು ಹುಳುಗಳ ಹೊರತು ಬೇರೆ ಜೀವಿಯು ದೊರೆಯದಿದ್ದರೆ ಅಲ್ಲಿ ಆಮ್ಲಜನಕವು ತೀರಿಹೋಗಿದೆಯೆಂದು ತಿಳಿಯಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಈ ಭಾಗದ ಕೆರೆಕುಂಟೆಗಳ ಸೂಕ್ಷ್ಮಪಾಚಿಗಳನ್ನು 1980ರ ದಶಕದಲ್ಲಿಯೇ ಅಭ್ಯಸಿಸಿರುವರು.

ಅಂತರಗಂಗೆಯ ಲೆಕ್ಕ :— ಈ ಗಿಡವು ದಕ್ಷಿಣ ಅಮೇರಿಕೆಯದು. ಹೂವಿನ ಅಂದಕ್ಕಾಗಿ ದೇಶದೇಶಗಳಿಗೆ ಒಯ್ಯಲ್ಪಟ್ಟು, ಬಂಗಾಲದ ಹೊಳೆಕಾಲುವೆಗಳಲ್ಲಿ ಹಬ್ಬಿ, 1936ರಲ್ಲಿ ಅಲ್ಲಿ ಇದರ ನಿರ್ಮೂಲನಕ್ಕಾಗಿ ಕಾಯಿದೆಯನ್ನೇ ಮಾಡಬೇಕಾಯಿತು. ಸಾರವುಳ್ಳ ನೀರೂ ಬಿಸಿಲೂ ದೊರೆತರೆ ಇದು ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗುವುದು. ಕೆರೆಯನ್ನೆಲ್ಲ ಸ್ವಚ್ಛ ಮಾಡಿ ಒಂದೇ ಗುಂಟೆಯಷ್ಟು ಗಿಡವನ್ನು ಬಿಟ್ಟರೂ, 13 ಸಲ ಇಮ್ಮಡಿಯಾಗುವಷ್ಟರಲ್ಲಿ, ಅಂದರೆ 26 ವಾರಗಳಲ್ಲಿ, ಅದು 8,192 ಗುಂಟೆಗಳಾಗುವುದು. 200 ಎಕರೆಯೆಂದರೆ 8,000 ಗುಂಟೆ. ಆರು ತಿಂಗಳ ಹಿಂದೆ ತೆಗೆಸಿದ ಕಳೆಯು ಮತ್ತೆ ಕೆರೆಯನ್ನು ಮುಚ್ಚಿತೆಂದು ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಇದರ ಬೀಜಗಳೂ ಕೆಸರಿನಲ್ಲಿ ಅನೇಕ ವರ್ಷ ಜೀವ ಹಿಡಿದಿರುವುವು.

ಔಷಧ ಸಿಂಪಡಿಸಿ ಗಿಡವನ್ನು ನೀರಿನಲ್ಲಿಯೇ ಕೊಂದರೆ ಅದು ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ನುಂಗುವುದು. ಸಾರವೂ ನೀರಿಗೇ ಮರಳುವುದು. ಆದುದರಿಂದ ಹೂ ಬಿಡುವುದಕ್ಕೆ ಮುಂಚೆಯೇ ಗಿಡವನ್ನು ಎತ್ತಿ ದಡದಿಂದ ದೂರ ಒಯ್ಯಬೇಕು. ಈ ಗಿಡವನ್ನೇ ತಿನ್ನುವ ನಿಯೋಚೆಟಿನಾ ಎಂಬ ಮೂತಿಹುಳುವನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ಒಳ್ಳೆಯ ಫಲವನ್ನು ಕಂಡದ್ದುಂಟು. ಆದರೂ ಕೊಳಚೆಯ ಹರಿವು ನಿಲ್ಲದ ಹೊರತು ಯಾವ ಉಪಾಯವೂ ಬಹುಕಾಲ ನಿಲ್ಲಲಾರದು.

ರೈತರು ಮಾಡತಕ್ಕದ್ದು :— (1) ಕೆರೆಯ ಮೇಲ್ಭಾಗದ ಹೊಲಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಹಳ್ಳದ ಅಂಚಿನಲ್ಲಿ ಹುಲ್ಲಿನ ಪಟ್ಟಿಯನ್ನು ಬಿಡಬೇಕು. (2) ಮಣ್ಣನ್ನು ಪರೀಕ್ಷಿಸಿ ಬೇಕಾದಷ್ಟೇ ಗೊಬ್ಬರವನ್ನು ಕಂತುಗಳಲ್ಲಿ ಕೊಡಬೇಕು; ದೊಡ್ಡ ಮಳೆಯ ಸೂಚನೆಯಿರುವಾಗ ಕೊಡಬಾರದು. ಕೊಚ್ಚಿಹೋದ ಗೊಬ್ಬರದಿಂದ ಕೆರೆಗೆ ಹಾನಿ, ರೈತನಿಗೆ ನಷ್ಟ. (3) ಕೆರೆಯ ಗೋಡನ್ನು ಹೊಲಕ್ಕೆ ಹೇರುವ ರೂಢಿಯು ಉತ್ತಮವಾದುದು. ಆದರೆ ಪಟ್ಟಣದ ಕೊಳಚೆ ಸೇರುವ ಕೆರೆಯ ಗೋಡಿನಲ್ಲಿಯೂ ಅಂತರಗಂಗೆಯ ಗೊಬ್ಬರದಲ್ಲಿಯೂ ಸೀಸ ಮೊದಲಾದ ವಿಷಲೋಹಗಳಿರುವ ಸಂಭವವಿದೆ. ಪ್ರಯೋಗಶಾಲೆಯಲ್ಲಿ ಪರೀಕ್ಷಿಸದೆ ಕಾಯಿಪಲ್ಲೆಯ ಹೊಲಕ್ಕೆ ಹಾಕಕೂಡದು. (4) ಊರಿನ ಕೆರೆಗೆ ಒಂದು ದಾಖಲೆಯ ಪುಸ್ತಕವನ್ನಿಟ್ಟು, ವಾರಕ್ಕೊಮ್ಮೆ ಒಂದೇ ಸ್ಥಳದಲ್ಲಿ ಒಂದೇ ವೇಳೆಗೆ ತಟ್ಟೆಯ ಆಳ, ನೀರಿನ ಬಣ್ಣ, ಉಷ್ಣತೆ, ಮೀನುಗಳ ನಡೆ ಇವುಗಳನ್ನು ಬರೆಯಬೇಕು.

ಒಂದು ದಿನದ ಅಳತೆಯಿಂದ ಹೆಚ್ಚೇನೂ ತಿಳಿಯದು. ಎರಡು ಮೂರು ವರ್ಷಗಳ ಅಳತೆಗಳನ್ನು ಸಾಲಾಗಿ ನೋಡಿದಾಗ ಕೆರೆಯು ಸುಧಾರಿಸುತ್ತಿದೆಯೋ ಕ್ಷೀಣಿಸುತ್ತಿದೆಯೋ ಎಂಬುದು ತಾನಾಗಿ ಗೊತ್ತಾಗುವುದು. ಕೊಳಚೆಯನ್ನು ತಡೆಯಬೇಕೆಂದು ಅಧಿಕಾರಿಗಳಲ್ಲಿ ಬಿನ್ನವಿಸಿಕೊಳ್ಳುವಾಗಲೂ, ಕೆರೆಯು ಕೆಟ್ಟಿತೆಂಬ ಬರಿಯ ಮಾತಿಗಿಂತ ತಾರೀಖು ಸಹಿತವಾದ ಅಂಕಿಗಳಿಗೆ ಹೆಚ್ಚಿನ ಬೆಲೆಯುಂಟು. ಒಂದು ತಗಡಿನ ತಟ್ಟೆ, ಒಂದು ಹಗ್ಗ, ಒಂದು ಪುಸ್ತಕ ಇಷ್ಟರಿಂದ ಈ ಕೆಲಸವನ್ನು ಯಾವ ಊರಿನವರಾದರೂ ಆರಂಭಿಸಬಹುದು.