ಒತ್ತಿದ್ದು 5, ಬಂದದ್ದು 55

ಹೈದರಾಬಾದಿಗೆ ಬಂದ ಹೊಸತು. ಕೋಟಿಯ ಗುಜರಾತಿ ಗಲ್ಲಿ ಅಂದರೆ ನಮ್ಮ ಬೆಂಗಳೂರಿನ ಎಸ್.ಪಿ. ರೋಡ್ ಇದ್ದಂತೆ, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಸಂತೆ. ಅಲ್ಲಿ ಕೊಂಡ 16 ಬಟನ್‌ಗಳ ಕೀಪ್ಯಾಡನ್ನು ಇನ್‌ಫ್ಯೂಷನ್ ಪಂಪ್‌ನ ಮಾದರಿಯೊಂದಕ್ಕೆ ಜೋಡಿಸಿದ್ದೆ. ರೋಗಿಯ ರಕ್ತನಾಳಕ್ಕೆ ಗಂಟೆಗೆ ಇಂತಿಷ್ಟು ಮಿಲಿಲೀಟರ್ ಎಂದು ಔಷಧ ಹರಿಸುವ ಯಂತ್ರವದು. 5 ಒತ್ತಿದೆ. ಸ್ಕ್ರೀನ್ ಮೇಲೆ 55 ಬಂತು.

ನಾನು ನಕ್ಕೆ. ಹಿರಿಯ ಎಂಜಿನಿಯರ್ ನಗಲಿಲ್ಲ. ‘ಮಂಚದ ಮೇಲಿರೋದು ನಿಮ್ಮ ತಾಯಿ ಅಂದ್ಕೊಂಡು ಕೋಡ್ ಬರೀರಿ’ ಎಂದರು.

16 ಬಟನ್‌ಗೆ 16 ತಂತಿ ಎಳೆದರೆ ಮೈಕ್ರೋಕಂಟ್ರೋಲರ್‌ನ ಪಿನ್‌ಗಳೆಲ್ಲ ಅದಕ್ಕೇ ಖರ್ಚು. ಆದ್ದರಿಂದ ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲು ಮಾಡಿ, ಅವು ಸಂಧಿಸುವ ಕಡೆ ಒಂದೊಂದು ಬಟನ್ ಇಡುತ್ತಾರೆ. ಎಂಟೇ ಪಿನ್ ಸಾಕು. ಮೇಷ್ಟ್ರು ಒಂದೊಂದೇ ಬೆಂಚಿನ ಮುಂದೆ ನಿಂತು ‘ಹೋಂವರ್ಕ್ ಮಾಡದವರು ಕೈ ಎತ್ತಿ’ ಎಂದಂತೆ ಇದು. ಕೇಳಿದ ಬೆಂಚು ಯಾವುದೆಂದು ಅವರಿಗೆ ಗೊತ್ತು, ಎಷ್ಟನೆಯ ಹುಡುಗ ಕೈ ಎತ್ತಿದನೆಂದು ಕಾಣುತ್ತದೆ. ಕಂಬಸಾಲುಗಳಲ್ಲಿ ಪುಲ್-ಅಪ್ ರೆಸಿಸ್ಟರ್‌ನಿಂದ ವೋಲ್ಟೇಜ್ ಮೇಲೇ ಇರುತ್ತದೆ. ಕಂಟ್ರೋಲರ್ ಒಂದೊಂದೇ ಅಡ್ಡಸಾಲನ್ನು ಸೊನ್ನೆಗೆ ಇಳಿಸಿ ನೋಡುತ್ತದೆ. ಬಟನ್ ಒತ್ತಿದ್ದರೆ ಅದರ ಕಂಬಸಾಲೂ ಸೊನ್ನೆಗೆ ಇಳಿಯುತ್ತದೆ. ನಮ್ಮ ಬೆರಳು ಮೇಲೇಳುವುದರೊಳಗೆ ಇಂಥ ಹಲವು ಸುತ್ತು ಮುಗಿದಿರುತ್ತವೆ.

ನನ್ನನ್ನು ಕೆಡಿಸಿದ್ದು ಆ ವೇಗವೇ. ಬಟನ್ ಒಳಗಿನ ಲೋಹಗಳು ಕೂಡಲೇ ಕಚ್ಚಿಕೊಳ್ಳುವುದಿಲ್ಲ. ಕೈಜಾರಿದ ಸ್ಟೀಲ್ ಲೋಟದಂತೆ ಕೆಲವು ಮಿಲಿಸೆಕೆಂಡ್ ಪುಟಿಯುತ್ತವೆ. ಒಂದು ಒತ್ತು ಕಂಟ್ರೋಲರಿಗೆ ಎರಡಾಗಿ ಕಂಡಿತ್ತು. ಔಷಧ ಹನ್ನೊಂದು ಪಟ್ಟು! 2010ರಲ್ಲಿ ಅಮೆರಿಕದ ಎಫ್‌ಡಿಎ ಇನ್‌ಫ್ಯೂಷನ್ ಪಂಪ್‌ಗಳ ದೋಷಗಳನ್ನು ಪಟ್ಟಿ ಮಾಡಿದಾಗ ಈ ‘ಕೀ ಬೌನ್ಸ್’ ಕೂಡ ಅದರಲ್ಲಿತ್ತು.

ಪರಿಹಾರ ಸರಳ: ಸುಮಾರು 20 ಮಿಲಿಸೆಕೆಂಡ್ ಉತ್ತರ ಬದಲಾಗದಿದ್ದರೆ ಮಾತ್ರ ಒಪ್ಪುವುದು; ಬೆರಳು ತೆಗೆಯುವವರೆಗೆ ಮತ್ತೆ ಎಣಿಸದಿರುವುದು. ಇನ್ನೊಂದು ಭೂತವೂ ಉಂಟು. ಚೌಕದ ಮೂರು ಮೂಲೆಯ ಬಟನ್ ಒಟ್ಟಿಗೆ ಒತ್ತಿದರೆ, ಮುಟ್ಟದ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಪ್ರತಿ ಬಟನ್‌ಗೆ ಡಯೋಡ್ ಹಾಕಿದರೆ ಅದು ನಿಲ್ಲುತ್ತದೆ. ನಾನು ಇನ್ನೂ ಒಂದು ಕಟ್ಟುನಿಟ್ಟು ಸೇರಿಸಿದೆ: ಒಂದಕ್ಕಿಂತ ಹೆಚ್ಚು ಬಟನ್ ಕಂಡರೆ ಯಾವುದನ್ನೂ ಒಪ್ಪಬೇಡ.

ಹೋದ ವರ್ಷ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಅಮ್ಮನ ಮಂಚದ ಪಕ್ಕ ಕೂತಿದ್ದೆ. ಅಲ್ಲಿದ್ದ ಪಂಪ್ ಯಾರೋ ಮಾಡಿದ್ದು. ನರ್ಸ್ 5 ಒತ್ತಿದರು. ಎದ್ದು ಹೋಗಿ ಸ್ಕ್ರೀನ್ ನೋಡಿದೆ.

‘ಏನೋ ಅದು?’ ಎಂದರು ಅಮ್ಮ.

‘ಏನಿಲ್ಲಮ್ಮ. ಐದೇ ಇದೆ.’